ಮೊದಲು ನೆರವು, ಆಮೇಲೆ ಬೆಲೆ ಏರಿಕೆ: ಹಸಿರು ಬದಲಾವಣೆಯ ಖರ್ಚು ಯಾರ ತಲೆಗೆ?

ಪ್ರಶ್ನೆ: ಪರಿಸರ ಉಳಿಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಂಧನದ ಮೇಲೆ ತೆರಿಗೆ ಹಾಕಿದರೆ ಪೆಟ್ಟು ಬೀಳುವುದು ಹಳೇ ಗಾಡಿ ಓಡಿಸುವ, ಬಾಡಿಗೆ ಮನೆಯಲ್ಲಿರುವ ನನ್ನಂಥವರಿಗೆ. ಸಬ್ಸಿಡಿ ಸಿಗುವುದು ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ. ನನ್ನ ಭಾವ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದರಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಾರೆ. ನಾಳೆ ಅದನ್ನು ಮುಚ್ಚಿದರೆ ಅವರ ಗತಿ ಏನು? ‘ನ್ಯಾಯಯುತ ಪರಿವರ್ತನೆ’, ಅಂದರೆ ಈ ಬದಲಾವಣೆಯಲ್ಲಿ ಯಾರೂ ಬೀದಿಗೆ ಬೀಳಬಾರದು, ಎಂದು ಎಲ್ಲರೂ ಹೇಳುತ್ತಾರೆ. ಅದು ಬರೀ ಬಾಯಿಮಾತೋ, ಎಲ್ಲಾದರೂ ನಿಜವಾಗಿ ನಡೆದಿದೆಯೋ? ಇಲ್ಲವಾದರೆ ಇದನ್ನೆಲ್ಲ ಸ್ವಲ್ಪ ನಿಧಾನ ಮಾಡುವುದೇ ಒಳ್ಳೆಯದಲ್ವಾ?

ಉತ್ತರ: ನಡೆದಿದೆ. ಆದರೆ ಕೆಲವೇ ಕಡೆ, ಅದೂ ಅರ್ಧಂಬರ್ಧ.

ನಡೆದ ಕಡೆಗಳನ್ನೂ ಎಡವಿದ ಕಡೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮತ್ತೆ ಮತ್ತೆ ಕಾಣುವುದು ಒಂದೇ ವಿಷಯ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು. ಜನರ ಕೈಗೆ ದುಡ್ಡು ಮೊದಲು ಬಂದು ಬೆಲೆ ಆಮೇಲೆ ಏರಿದರೆ ಒಂದು ಕತೆ. ಬೆಲೆ ಮೊದಲು ಏರಿ, ದುಡ್ಡು ‘ಮುಂದೆ ಬರುತ್ತದೆ’ ಎಂದರೆ ಇನ್ನೊಂದು ಕತೆ. ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾವಾಗ ಕೊಟ್ಟರು ಎಂಬುದೇ ಎಷ್ಟೋ ಸಲ ದೊಡ್ಡದಾಗಿದೆ. ನಾನೂ ಒಂದು ಕಾಲದಲ್ಲಿ ತೆರಿಗೆ ಹಾಕಿ, ಬಂದ ಹಣವನ್ನು ಎಲ್ಲರಿಗೂ ಹಂಚಿಬಿಟ್ಟರೆ ಲೆಕ್ಕ ಚುಕ್ತಾ ಎಂದು ನಂಬಿದ್ದವನು. ಕಾಗದದ ಮೇಲೆ ಆ ಲೆಕ್ಕ ಸರಿಯೇ ಇದೆ. ತಿಂಗಳ 25ನೇ ತಾರೀಖಿಗೆ ಕೈ ಖಾಲಿಯಾಗುವ ಮನೆಗೆ ಮಾತ್ರ ಅದು ಹೊಂದುವುದಿಲ್ಲ.

ನಿಮ್ಮ ಹಳೇ ಗಾಡಿಯಿಂದಲೇ ಶುರು ಮಾಡೋಣ. 2018ರ ಫ್ರಾನ್ಸ್ ನೆನಪಿದೆಯಾ? ಅಲ್ಲಿ ಇಂಧನದ ಮೇಲೆ ಕಾರ್ಬನ್ ತೆರಿಗೆ (ಉರಿಸಿದಾಗ ಬರುವ ಹೊಗೆಯ ಲೆಕ್ಕದಲ್ಲಿ ಹಾಕುವ ತೆರಿಗೆ) 2014ರಿಂದಲೇ ಇತ್ತು, ವರ್ಷ ವರ್ಷ ಏರುತ್ತಿತ್ತು. 2019ರ ಜನವರಿಯಿಂದ ಡೀಸೆಲ್ ಮೇಲೆ ಲೀಟರಿಗೆ 6.5 ಸೆಂಟ್, ಪೆಟ್ರೋಲ್ ಮೇಲೆ 2.9 ಸೆಂಟ್ ತೆರಿಗೆ ಜಾಸ್ತಿ ಆಗಲಿದೆ ಎಂದು ಗೊತ್ತಾಯಿತು. ನವೆಂಬರ್ 17ರಂದು ಹಳದಿ ಅಂಗಿ ತೊಟ್ಟ ಲಕ್ಷಗಟ್ಟಲೆ ಜನ ರಸ್ತೆ ವೃತ್ತಗಳಲ್ಲಿ ನಿಂತರು. ಡಿಸೆಂಬರಿನಲ್ಲಿ ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಇದನ್ನು ‘ಜನರಿಗೆ ಪರಿಸರ ಬೇಡ’ ಎಂದು ಓದಿದವರು ತುಂಬ ಜನ. ನನ್ನ ಪ್ರಕಾರ ಅದು ತಪ್ಪು ಓದು. ಅದೇ ವರ್ಷದ ಆರಂಭದಲ್ಲಿ ಸಿರಿವಂತರ ಆಸ್ತಿ ತೆರಿಗೆಯನ್ನು ತೆಗೆದು, ಬರೀ ಜಾಗ-ಕಟ್ಟಡಗಳಿಗೆ ಮಾತ್ರ ಅನ್ವಯಿಸುವ ಹಗುರ ತೆರಿಗೆ ತಂದಿದ್ದರು. ಇಂಧನ ತೆರಿಗೆಯ ಹಣದಲ್ಲಿ ಬಹುಪಾಲು ಸರ್ಕಾರದ ಸಾಮಾನ್ಯ ಖಜಾನೆಗೇ ಹೋಗುತ್ತಿತ್ತು. ಬಸ್ಸು ರೈಲು ಇಲ್ಲದ ಊರಿನಿಂದ ದಿನಾ ಡೀಸೆಲ್ ಗಾಡಿಯಲ್ಲಿ ಕೆಲಸಕ್ಕೆ ಹೋಗುವವರು ಈ ಎರಡನ್ನೂ ಕೂಡಿಸಿ ನೋಡಿದರು, ಅಷ್ಟೇ. ‘ಅವರಿಗೆ ಲೋಕದ ಕೊನೆಯ ಚಿಂತೆ, ನಮಗೆ ತಿಂಗಳ ಕೊನೆಯ ಚಿಂತೆ’ ಎಂಬ ಮಾತು ಆಗ ಹುಟ್ಟಿಕೊಂಡಿತು. ಆಮೇಲೆ ಅದೇ ಮಾತನ್ನು ಹಿಡಿದು ‘ಎರಡೂ ಒಂದೇ ಹೋರಾಟ’ ಎಂದು ಫಲಕ ಹಿಡಿದವರೂ ಇದ್ದರು. ಅದನ್ನು ನೆನಪಿಟ್ಟವರು ಕಡಿಮೆ.

ಈಗ ಇರಾನ್ ನೋಡಿ. ಪರಿಸರದ ಚರ್ಚೆಯಲ್ಲಿ ಯಾರೂ ಎತ್ತದ ಹೆಸರು. ಅಲ್ಲಿ ಬೆಲೆ ಏರಿಸಿದ್ದು ಪರಿಸರಕ್ಕಾಗಿಯೂ ಅಲ್ಲ, ಸಬ್ಸಿಡಿಯ ಭಾರ ತಡೆಯಲಾಗದೆ. ಆದರೆ ಪಾಠ ಅಲ್ಲಿದೆ. 2010ರ ಡಿಸೆಂಬರಿನಲ್ಲಿ ಇಂಧನ, ವಿದ್ಯುತ್, ರೊಟ್ಟಿ ಎಲ್ಲದರ ಬೆಲೆ ಒಂದೇ ರಾತ್ರಿ ಹಲವು ಪಟ್ಟು ಏರಿತು. ಬೀದಿಗಳು ಹೆಚ್ಚುಕಡಿಮೆ ಶಾಂತವಾಗಿದ್ದವು. ಯಾಕೆಂದರೆ ಅದಕ್ಕೂ ಮೊದಲೇ ಮನೆ ಮನೆಯ ಬ್ಯಾಂಕ್ ಖಾತೆಗೆ ಹಣ ಹಾಕಿದ್ದರು. ಹಣ ಖಾತೆಯಲ್ಲಿ ಕಾಣುತ್ತಿತ್ತು, ತೆಗೆಯಲು ಬರುತ್ತಿರಲಿಲ್ಲ. ಬೆಲೆ ಏರಿದಾಗ ಬೀಗ ತೆಗೆದರು. ಇದು ಸುಮ್ನೆ ಮಾತಲ್ಲ, ದುಡ್ಡು ಬಂದೇ ಬಂದಿದೆ ಎಂದು ಜನ ಕಣ್ಣಾರೆ ನೋಡಿದ್ದರು.

ಅದೇ ದೇಶ, 2019ರ ನವೆಂಬರ್. ಈ ಸಲ ಪೆಟ್ರೋಲ್ ಬೆಲೆಯನ್ನು ರಾತ್ರೋರಾತ್ರಿ, ಸುಳಿವೇ ಕೊಡದೆ ಏರಿಸಿದರು. ಬಂದ ಹಣವನ್ನು ಬಡವರಿಗೇ ಕೊಡುತ್ತೇವೆ ಎಂದರು. ಆದರೆ ಕೊಡಲು ಶುರು ಮಾಡಿದ್ದು ಬೆಲೆ ಏರಿದ ಮೇಲೆ. ಊರೂರಲ್ಲಿ ಜನ ಬೀದಿಗಿಳಿದರು. ಅದನ್ನು ಹತ್ತಿಕ್ಕಲು ಹೋಗಿ ನೂರಾರು ಜನರ ಪ್ರಾಣ ಹೋಯಿತು. ಆ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆರ್ಥಿಕ ನಿರ್ಬಂಧಗಳಿಂದ ಜನ ಮೊದಲೇ ಬಸವಳಿದಿದ್ದರು. 2010ರಲ್ಲಿ ಕೊಟ್ಟ ಮೊತ್ತವನ್ನು ಬೆಲೆಯ ಜೊತೆ ಏರಿಸುತ್ತ ಹೋಗದೆ ಅದು ಸವೆದು ಸವೆದು ಚಿಲ್ಲರೆಯಾಗಿತ್ತು. ಒಮ್ಮೆ ಹಾಗೆ ಮೋಸ ಹೋದವರು ಎರಡನೇ ಸಲ ನಂಬುತ್ತಾರಾ?

ಕೆನಡಾದ ಕತೆ ಇನ್ನೂ ವಿಚಿತ್ರ. ಅಲ್ಲಿ 2019ರಿಂದ ಕೇಂದ್ರದ ಕಾರ್ಬನ್ ತೆರಿಗೆ ಇದ್ದ ಪ್ರಾಂತ್ಯಗಳಲ್ಲಿ, ಬಂದ ಹಣದ ಸುಮಾರು 90 ಶೇಕಡಾ ಭಾಗವನ್ನು ಮನೆಗಳಿಗೇ ವಾಪಸ್ ಕೊಡುತ್ತಿದ್ದರು. ಪಂಪಿನಲ್ಲಿ, ಬಿಲ್ಲಿನಲ್ಲಿ ಕೊಟ್ಟದ್ದಕ್ಕಿಂತ ಕೈಗೆ ಬಂದದ್ದೇ ಜಾಸ್ತಿ ಎನ್ನುವ ಕುಟುಂಬಗಳೇ ಹೆಚ್ಚು. ಕಡಿಮೆ ಆದಾಯದವರಲ್ಲಂತೂ ಇದು ಎದ್ದು ಕಾಣುತ್ತಿತ್ತು. ಆದರೂ 2025ರ ಏಪ್ರಿಲ್ 1ರಂದು ಗ್ರಾಹಕರ ಮೇಲಿನ ಆ ತೆರಿಗೆ ಹೋಯಿತು, ಅದನ್ನು ತೆಗೆಯುತ್ತೇವೆ ಎಂದವರಿಗೆ ಚಪ್ಪಾಳೆ ಬಿತ್ತು. ಕಾರಣ ಏನು? ತೆರಿಗೆ ಪ್ರತಿ ಸಲ ಪಂಪಿನ ಬಳಿ ಕಣ್ಣಿಗೆ ಹೊಡೆಯುತ್ತಿತ್ತು. ವಾಪಸ್ ಬರುವ ಹಣ ಮೊದಮೊದಲು ಆದಾಯ ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಸೇರಿ ಹೋಗುತ್ತಿತ್ತು. 2022ರಿಂದ ಮೂರು ತಿಂಗಳಿಗೊಮ್ಮೆ ಖಾತೆಗೆ ಬರತೊಡಗಿತು, ಆದರೆ ಪಾಸ್‌ಬುಕ್ಕಿನಲ್ಲಿ ಅದರ ಹೆಸರು ನೋಡಿ ಇದು ಯಾವ ದುಡ್ಡು ಎಂದು ಹೇಳುವುದೇ ಕಷ್ಟ. ಸ್ವಿಟ್ಜರ್‌ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವಾಪಸ್ ಹಣವನ್ನು ಆರೋಗ್ಯ ವಿಮೆಯ ಕಂತಿನಲ್ಲಿ ಕಳೆಯುತ್ತಾರೆ. ಬಿಲ್ಲಿನ ಮೂಲೆಯ ಒಂದು ಸಾಲು. ಓದುವವರು ಯಾರು? 2021ರ ಜೂನಿನಲ್ಲಿ ಅಲ್ಲಿನ ಹೊಸ ಹವಾಮಾನ ಕಾನೂನು ಜನಮತದಲ್ಲಿ ಕೂದಲೆಳೆಯಲ್ಲಿ ಬಿದ್ದುಹೋಯಿತು.

ಕಾಣದ ಹಣ ಕೊಟ್ಟರೂ ಕೊಡದ ಹಾಗೆ. ಆಡಳಿತದವರಿಗೆ ಇದು ಸಣ್ಣ ವಿಷಯ ಅನಿಸುತ್ತದೆ, ಅದೇ ತೊಂದರೆ.

ಇಲ್ಲಿ ನಿಮಗೆ ಇಷ್ಟವಾಗದ ಒಂದು ಮಾತನ್ನೂ ಹೇಳಬೇಕು. ‘ಬಡವರಿಗಾಗಿ ಇಂಧನ ಅಗ್ಗವಾಗಿಡಿ’ ಎನ್ನುವ ವಾದ ಕೇಳಲು ಚೆನ್ನ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯವರು ಹಲವು ಬಡ ಮತ್ತು ಮಧ್ಯಮ ದೇಶಗಳ ಲೆಕ್ಕ ತೆಗೆದಾಗ, ಇಂಧನ ಸಬ್ಸಿಡಿಯಲ್ಲಿ ಮೇಲಿನ 20 ಶೇಕಡಾ ಮನೆಗಳಿಗೆ ಹೋಗುವ ಪಾಲು ಕೆಳಗಿನ 20 ಶೇಕಡಾ ಮನೆಗಳ ಪಾಲಿನ ಸುಮಾರು 6 ಪಟ್ಟು ಎಂದು ಕಂಡಿತು. ಎರಡು ಕಾರು ಇದ್ದವರಿಗೆ ಎರಡು ಕಾರಿನ ಸಬ್ಸಿಡಿ. ಕಾರೇ ಇಲ್ಲದವರಿಗೆ ಬಸ್ ಟಿಕೆಟ್ಟಿನ ಮೂಲಕ ಒಂಚೂರು. ಹಾಗಾದರೆ ಅದನ್ನು ಒಂದೇಟಿಗೆ ಕಿತ್ತು ಹಾಕಬಹುದಾ? ದಕ್ಷಿಣ ಅಮೆರಿಕದ ಈಕ್ವಡಾರ್‌ನಲ್ಲಿ 2019ರ ಅಕ್ಟೋಬರಿನಲ್ಲಿ ಹಾಗೇ ಮಾಡಿದರು. ಮೂಲನಿವಾಸಿಗಳ ಸಂಘಟನೆಗಳು ರಾಜಧಾನಿಗೆ ನುಗ್ಗಿದವು, ಎರಡು ವಾರ ತುಂಬುವ ಮೊದಲೇ ಆ ಆದೇಶ ವಾಪಸ್ ಹೋಯಿತು. ಮೊತ್ತದಲ್ಲಿ ಸಿರಿವಂತರಿಗೆ ಸಿಗುವುದೇ ಜಾಸ್ತಿ. ಆದರೆ ಕಿತ್ತುಕೊಂಡಾಗ ಸಣ್ಣ ಸಂಬಳದಲ್ಲಿ ಆಗುವ ರಂಧ್ರ ದೊಡ್ಡದು. ಎರಡೂ ಒಟ್ಟಿಗೆ ನಿಜ. ಇವುಗಳಲ್ಲಿ ಒಂದನ್ನೇ ಹಿಡಿದು ಮಾತಾಡುವವರು ಏನನ್ನೋ ಮಾರಲು ಬಂದವರು ಎಂದು ನನಗೆ ಅನುಮಾನ.

ನೀವು ಕೇಳಿದ ಎಲೆಕ್ಟ್ರಿಕ್ ಕಾರಿನ ಸಬ್ಸಿಡಿ ವಿಷಯ. ನಿಮ್ಮ ಸಿಟ್ಟು ಸರಿ ಇದೆ. ನಾರ್ವೆ 2001ರಿಂದಲೇ ಎಲೆಕ್ಟ್ರಿಕ್ ಕಾರಿಗೆ ಮೌಲ್ಯವರ್ಧಿತ ತೆರಿಗೆ ಬಿಟ್ಟಿತು. ಫಲ ಸಿಕ್ಕಿತು: 2024ರಲ್ಲಿ ಅಲ್ಲಿ ಮಾರಾಟವಾದ 10 ಹೊಸ ಕಾರುಗಳಲ್ಲಿ ಸುಮಾರು 9 ಎಲೆಕ್ಟ್ರಿಕ್. ಆದರೆ ಮೊದಲ ಸಾಲಿನಲ್ಲಿ ನಿಂತು ಆ ರಿಯಾಯಿತಿ ಬಾಚಿಕೊಂಡವರು ಆದಾಯ ಚೆನ್ನಾಗಿದ್ದವರೇ, ಎಷ್ಟೋ ಮನೆಗಳಲ್ಲಿ ಅದು ಎರಡನೇ ಕಾರು. 2023ರಲ್ಲಿ ಅಲ್ಲಿ 5 ಲಕ್ಷ ಕ್ರೋನರ್‌ಗಿಂತ (ಕ್ರೋನರ್ ಎಂದರೆ ಅಲ್ಲಿನ ನಾಣ್ಯ) ಮೇಲಿನ ಬೆಲೆಗೆ ತೆರಿಗೆ ಕಟ್ಟಬೇಕು ಎಂದು ನಿಯಮ ತಂದರು. ಅಂದರೆ ತಿದ್ದಿಕೊಂಡರು, 20 ವರ್ಷ ಕಳೆದ ಮೇಲೆ. ಇಟಲಿಯಲ್ಲಿ 2020ರಲ್ಲಿ ಮನೆಯನ್ನು ಇಂಧನ ಉಳಿಸುವಂತೆ ರಿಪೇರಿ ಮಾಡಿಸಿದರೆ ಖರ್ಚಿನ 110 ಶೇಕಡಾ ವಾಪಸ್ ಎಂದರು. ಹೌದು, 100 ಅಲ್ಲ, 110. ಬೊಕ್ಕಸಕ್ಕೆ 10,000 ಕೋಟಿ ಯೂರೋಗಿಂತ ಹೆಚ್ಚು ಹೊರೆ ಬಿತ್ತು, ದೇಶದ ಕಟ್ಟಡಗಳಲ್ಲಿ ಸಣ್ಣದೊಂದು ಪಾಲು ಮಾತ್ರ ರಿಪೇರಿಯಾಯಿತು. ಸ್ವಂತ ಮನೆ ಇದ್ದವರಿಗೆ, ಅರ್ಜಿ-ಕಾಗದ ಓಡಾಡಿಸಲು ಜನ ಇದ್ದವರಿಗೆ ಸಿಕ್ಕಿತು. ಬಾಡಿಗೆಯವರು ಗೋಡೆಯ ಹೊಸ ಬಣ್ಣ ನೋಡಿದರು.

ಕ್ಯಾಲಿಫೋರ್ನಿಯಾದ ಚಾವಣಿ ಸೋಲಾರಿನಲ್ಲಿ ಇದು ಇನ್ನೊಂದು ವೇಷದಲ್ಲಿ ಬಂತು. ಚಾವಣಿಯಲ್ಲಿ ಮಾಡಿದ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟರೆ ತುಂಬ ಒಳ್ಳೆಯ ದರ ಸಿಗುತ್ತಿತ್ತು. ಅವರ ಬಿಲ್ಲು ಸೊನ್ನೆಯ ಹತ್ತಿರ ಬಂತು. ಆದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಎಲ್ಲಿಗೂ ಹೋಗಲಿಲ್ಲವಲ್ಲ! ಅದು ಚಾವಣಿ ಸೋಲಾರ್ ಇಲ್ಲದವರ ಬಿಲ್ಲಿಗೆ ಹಂಚಿಹೋಯಿತು. 2023ರ ಏಪ್ರಿಲ್‌ನಿಂದ ಹೊಸಬರಿಗೆ ಆ ದರವನ್ನು ತೀರಾ ಇಳಿಸಿದರು. ಸೋಲಾರ್ ಕಂಪನಿಗಳು ಇದು ಅನ್ಯಾಯ ಎಂದವು, ಹಲವು ಗ್ರಾಹಕ ಸಂಘಟನೆಗಳು ಇದೇ ನ್ಯಾಯ ಎಂದವು. ನನ್ನನ್ನು ಕೇಳಿದರೆ ಇಳಿಸಬೇಕಾದ್ದು ನಿಜ, ಆದರೆ ಉಳಿದ ಹಣದಲ್ಲಿ ಬಾಡಿಗೆ ಕಟ್ಟಡಗಳ ಮೇಲೆ ಸೋಲಾರ್ ಹಾಕುವ ಕೆಲಸ ಅದರ ಜೊತೆಜೊತೆಗೇ ಶುರುವಾಗಬೇಕಿತ್ತು.

ಬಡವರಿಗೆ ಹೊಸ ವಸ್ತು ಬೇಡ, ಅವರಿಗೆ ಹಳೆಯದೇ ಸಾಕು ಎನ್ನುವವರೂ ಇದ್ದಾರೆ. ಅವರಿಗೆ ಫ್ರಾನ್ಸಿನ ಇನ್ನೊಂದು ಉದಾಹರಣೆ. 2024ರ ಜನವರಿಯಲ್ಲಿ ಕಡಿಮೆ ಆದಾಯದವರಿಗೆ, ಅದರಲ್ಲೂ ಕೆಲಸಕ್ಕೆ ಕಾರಿನಲ್ಲೇ ಓಡಾಡಬೇಕಾದವರಿಗೆ, ತಿಂಗಳಿಗೆ ಸುಮಾರು 100 ಯೂರೋ ಬಾಡಿಗೆಗೆ ಎಲೆಕ್ಟ್ರಿಕ್ ಕಾರು ಎಂಬ ಯೋಜನೆ ತೆರೆದರು. ವರ್ಷಕ್ಕೆಂದು ಇಟ್ಟದ್ದು ಒಂದೂವರೆ ತಿಂಗಳಲ್ಲೇ ಮುಗಿಯಿತು, ಸುಮಾರು 50,000 ಕಾರು. ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಇದೇ ಯೋಜನೆ 2018ರ ನವೆಂಬರಿಗೆ ಮೊದಲು ಬಂದಿದ್ದರೆ? ಸುಮ್ನೆ ಕೇಳುತ್ತಿದ್ದೇನೆ.

ಬಾಡಿಗೆ ಮನೆಯ ಸಮಸ್ಯೆ ಇನ್ನೂ ಹಳೆಯದು, ಇನ್ನೂ ಬಿಗಿಯಾದ ಗಂಟು. ಮನೆ ಬೆಚ್ಚಗಿಡುವ ಅಥವಾ ತಂಪಾಗಿಡುವ ಬಿಲ್ಲು ಕಟ್ಟುವವರು ಬಾಡಿಗೆಯವರು. ಗೋಡೆ, ಕಿಟಕಿ, ಯಂತ್ರ ಬದಲಿಸುವ ಅಧಿಕಾರ ಮಾಲೀಕರದು. ಕಾರ್ಬನ್ ತೆರಿಗೆ ಹಾಕಿದರೆ ಏನೂ ಮಾಡಲಾಗದವರ ಮೇಲೆ ಬೀಳುತ್ತದೆ, ಮಾಡಬಲ್ಲವರಿಗೆ ತಾಗುವುದೇ ಇಲ್ಲ. ಜರ್ಮನಿ 2023ರ ಜನವರಿಯಿಂದ ಇದಕ್ಕೆ ಒಂದು ಉಪಾಯ ಮಾಡಿದೆ, ನನಗೆ ಅದು ಬಹಳ ಹಿಡಿಸಿತು. ಮನೆ ಬಿಸಿ ಮಾಡುವ ಇಂಧನದ ಕಾರ್ಬನ್ ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳಬೇಕು, ಹತ್ತು ಮೆಟ್ಟಿಲಿನ ಲೆಕ್ಕದಲ್ಲಿ. ಮನೆ ತೀರಾ ಕೆಟ್ಟ ಸ್ಥಿತಿಯಲ್ಲಿದ್ದರೆ ಮಾಲೀಕರಿಗೆ 95 ಶೇಕಡಾ. ಮನೆ ಚೆನ್ನಾಗಿದ್ದರೆ ಪೂರ್ತಿ ಬಾಡಿಗೆಯವರಿಗೆ. ಒಂದು ರೀತಿಯಲ್ಲಿ ನೋಡಿದರೆ ಇದು ಯಾರಿಗೂ ಹಣ ಕೊಡುವ ಯೋಜನೆಯೇ ಅಲ್ಲ. ಬದಲಿಸುವ ಶಕ್ತಿ ಯಾರ ಕೈಯಲ್ಲಿದೆಯೋ ಅವರ ಕೈಗೆ ಬಿಲ್ಲು ಕೊಟ್ಟರು. ಆದರೆ ರಿಪೇರಿ ಮಾಡಿಸಿದ ಮೇಲೆ ಮಾಲೀಕರು ಬಾಡಿಗೆ ಏರಿಸಿದರೆ? ಆ ಬಾಗಿಲು ಇನ್ನೂ ತೆರೆದೇ ಇದೆ.

ಈಗ ನಿಮ್ಮ ಭಾವನವರ ವಿಷಯಕ್ಕೆ ಬರುತ್ತೇನೆ. ಈ ಉತ್ತರದಲ್ಲಿ ನನಗೆ ಮುಖ್ಯ ಅನಿಸುವ ಭಾಗ ಇದೇ.

‘ನ್ಯಾಯಯುತ ಪರಿವರ್ತನೆ’ ಎಂಬ ಮಾತು ಹುಟ್ಟಿದ್ದು ಪರಿಸರವಾದಿಗಳಿಂದ ಅಲ್ಲ. ಅದು ಕಾರ್ಮಿಕರ ಯೂನಿಯನ್ನಿನ ಕೂಸು. ಅಮೆರಿಕದಲ್ಲಿ ತೈಲ, ರಾಸಾಯನಿಕ, ಅಣು ಉದ್ಯಮಗಳ ಕಾರ್ಮಿಕ ನಾಯಕರಾಗಿದ್ದ ಟೋನಿ ಮಜ್ಜೋಕಿ ಅದರ ಹಿಂದಿದ್ದವರು. ಅಲ್ಲಿ 1980ರಲ್ಲಿ ವಿಷ ಸೇರಿದ ಜಾಗಗಳನ್ನು ಶುದ್ಧ ಮಾಡಲು ‘ಸೂಪರ್‌ಫಂಡ್’ ಎಂಬ ನಿಧಿ ಮಾಡಿದ್ದರು. ಮಣ್ಣಿಗೆ ಒಂದು ನಿಧಿ ಇದೆಯಲ್ಲ, ಕೆಲಸ ಕಳಕೊಳ್ಳುವ ಮನುಷ್ಯರಿಗೂ ಒಂದು ಇರಬೇಕು ಎಂಬುದು ಅವರ ವಾದ. ಅವರು ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು. ಯುದ್ಧದಿಂದ ಮರಳಿದವರಿಗೆ ಸರ್ಕಾರ ಓದಿಸಿ, ಜೀವನಕ್ಕೆ ಹಣ ಕೊಟ್ಟಿದ್ದನ್ನು ಕಂಡವರು. ಅದೇ ಮರ್ಯಾದೆ ಕಾರ್ಖಾನೆಯ ಕೆಲಸಗಾರರಿಗೂ ಸಿಗಲಿ ಎಂದರು. 2015ರಲ್ಲಿ ಈ ಮಾತು ಪ್ಯಾರಿಸ್ ಒಪ್ಪಂದದ ಪೀಠಿಕೆಗೂ ಹೋಗಿ ಕೂತಿತು. ಅಲ್ಲಿಗೆ ಹೋದ ಮೇಲೆ ಸ್ವಲ್ಪ ಮೆತ್ತಗಾಯಿತು ಎನ್ನುವುದು ನನ್ನ ಅನಿಸಿಕೆ.

ಕಲ್ಲಿದ್ದಲು ಬಿಟ್ಟ ಎರಡು ದಾರಿಗಳನ್ನು ನೋಡಿ. ಬ್ರಿಟನ್ನಿನಲ್ಲಿ 1984–85ರಲ್ಲಿ ಗಣಿ ಮುಚ್ಚುವುದರ ವಿರುದ್ಧ ಒಂದು ವರ್ಷ ಮುಷ್ಕರ ನಡೆಯಿತು. ಸೋತಿತು. ಆಮೇಲೆ ಗಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಗಣಿಯನ್ನೇ ನಂಬಿದ್ದ ಎಷ್ಟೋ ಊರುಗಳು ಇವತ್ತಿಗೂ ಚೇತರಿಸಿಕೊಂಡಿಲ್ಲ. ಅದು ಹವಾಮಾನಕ್ಕಾಗಿ ಮುಚ್ಚಿದ್ದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ‘ಬದಲಾವಣೆ’ ಎಂದರೆ ಜನ ಹೆದರುವುದು ಅಂಥ ನೆನಪುಗಳಿಂದಲೇ.

ಜರ್ಮನಿಯ ರೂರ್ ಕಣಿವೆಯಲ್ಲಿ ದಾರಿ ಬೇರೆ. ಅಲ್ಲಿ 1950ರ ದಶಕದ ಕೊನೆಯಿಂದಲೇ ಕಲ್ಲಿದ್ದಲು ಇಳಿಮುಖವಾಗಿತ್ತು. ಅದುವರೆಗೆ ಆ ಇಡೀ ಪ್ರದೇಶದಲ್ಲಿ ಒಂದು ವಿಶ್ವವಿದ್ಯಾಲಯ ಇರಲಿಲ್ಲ. 1965ರಲ್ಲಿ ಬೋಖುಮ್‌ನಲ್ಲಿ ಒಂದು ಬಂತು, ಆಮೇಲೆ ಇನ್ನಷ್ಟು ಬಂದವು. 2007ರಲ್ಲಿ ಸರ್ಕಾರ, ಕಂಪನಿ, ಯೂನಿಯನ್ ಕೂತು 2018ರಲ್ಲಿ ಕೊನೆ ಎಂದು ತೀರ್ಮಾನಿಸಿದರು. 11 ವರ್ಷದ ನೋಟಿಸ್! ಆ 11 ವರ್ಷಗಳಲ್ಲಿ ಹಿರಿಯರು ಬೇಗ ನಿವೃತ್ತರಾದರು, ಕಿರಿಯರಿಗೆ ಬೇರೆ ಕೆಲಸ ಹುಡುಕಿಕೊಟ್ಟರು. ಯಾರನ್ನೂ ಒತ್ತಾಯದಿಂದ ಮನೆಗೆ ಕಳಿಸಬಾರದು ಎಂಬುದೇ ಒಪ್ಪಂದದ ತಿರುಳು. 2018ರ ಡಿಸೆಂಬರ್ 21ರಂದು ಬೊಟ್ರೊಪ್ ಊರಿನ ಕೊನೆಯ ಗಣಿಯಿಂದ ಮೇಲೆ ಬಂದ ಕೊನೆಯ ಕಲ್ಲಿದ್ದಲಿನ ತುಂಡನ್ನು ಗಣಿಕಾರರು ದೇಶದ ಅಧ್ಯಕ್ಷರ ಕೈಗೆ ಕೊಟ್ಟರು. ಕೆಲವರು ಅಳುತ್ತಿದ್ದರು. ಆದರೆ ಮರುದಿನದ ಊಟದ ಚಿಂತೆಯಿಂದ ಅತ್ತವರಲ್ಲ.

ಇದನ್ನು ಚಿನ್ನದ ಉದಾಹರಣೆ ಎಂದು ತೋರಿಸುವವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಒಂದು, ಇದಕ್ಕೆ ದಶಕಗಟ್ಟಲೆ ಭಾರೀ ಸಬ್ಸಿಡಿ ಸುರಿದರು, ಅಷ್ಟು ವರ್ಷ ಕಲ್ಲಿದ್ದಲು ಉರಿಯುತ್ತಲೇ ಇತ್ತು. ಎರಡು, ಕೆಲಸಗಾರರು ಉಳಿದರೂ ಊರುಗಳೆಲ್ಲ ಉಳಿಯಲಿಲ್ಲ. ಗೆಲ್ಸೆನ್‌ಕಿರ್ಖೆನ್ ಇಂದಿಗೂ ಆ ದೇಶದ ಬಡ ನಗರಗಳಲ್ಲೊಂದು. ಅಪ್ಪನಿಗೆ ಪಿಂಚಣಿ ಸಿಕ್ಕಿತು, ಮಗನಿಗೆ ಕೆಲಸ ಸಿಗಲಿಲ್ಲ. ಒಬ್ಬ ವ್ಯಕ್ತಿಗೆ ಪರಿಹಾರ ಕೊಡುವುದು ಬೇರೆ, ಒಂದು ಊರಿಗೆ ಬದುಕು ಕೊಡುವುದು ಬೇರೆ. ಎರಡನೆಯದು ಹೇಗೆ ಎನ್ನುವುದಕ್ಕೆ ಜಗತ್ತಿನಲ್ಲಿ ಯಾರ ಬಳಿಯೂ ಪಕ್ಕಾ ಉತ್ತರ ಇಲ್ಲ.

ಸ್ಪೇನ್ 2018ರ ಅಕ್ಟೋಬರಿನಲ್ಲಿ ಇದನ್ನು ಬೇಗ ಮುಗಿಸಿತು. ಉಳಿದಿದ್ದ ಗಣಿಗಳನ್ನು ವರ್ಷಾಂತ್ಯಕ್ಕೆ ಮುಚ್ಚುವುದು, ಅದಕ್ಕೆ ಮೊದಲು ಯೂನಿಯನ್‌ಗಳ ಜೊತೆ ಸಹಿ. 25 ಕೋಟಿ ಯೂರೋ ಎತ್ತಿಟ್ಟರು. 48 ವರ್ಷ ದಾಟಿದವರಿಗೆ ಅಥವಾ 25 ವರ್ಷ ದುಡಿದವರಿಗೆ ಬೇಗ ನಿವೃತ್ತಿ. ಕಿರಿಯರಿಗೆ ಒಂದು ಮೊತ್ತ, ಜೊತೆಗೆ ಗಣಿಯ ಜಾಗವನ್ನು ಸರಿಪಡಿಸುವ ಕೆಲಸದಲ್ಲಿ ಮೊದಲ ಅವಕಾಶ. ದೊಡ್ಡ ಗಲಾಟೆ ಆಗಲಿಲ್ಲ. ಉಳಿದಿದ್ದವರು ಸಾವಿರದ ಲೆಕ್ಕದಲ್ಲಿದ್ದರು, ಲಕ್ಷದ ಲೆಕ್ಕದಲ್ಲಲ್ಲ, ಅದೂ ಸಹಾಯವಾಯಿತು.

ದಕ್ಷಿಣ ಆಫ್ರಿಕಾದ ಕೊಮಾಟಿಯ ಕತೆಯನ್ನು ನಿಮ್ಮ ಭಾವನವರು ಓದಲೇಬೇಕು. 1961ರಲ್ಲಿ ಶುರುವಾದ ಕಲ್ಲಿದ್ದಲು ಸ್ಥಾವರ, 2022ರ ಅಕ್ಟೋಬರಿನಲ್ಲಿ ಮುಚ್ಚಿತು. ಇಡೀ ಜಗತ್ತಿಗೆ ಮಾದರಿಯಾಗಲಿ ಎಂದು ವಿಶ್ವಬ್ಯಾಂಕ್ 49.7 ಕೋಟಿ ಡಾಲರ್ ಮಂಜೂರು ಮಾಡಿತು. ಅಲ್ಲಿ ಸೋಲಾರ್, ಗಾಳಿ, ಬ್ಯಾಟರಿ, ತರಬೇತಿ ಕೇಂದ್ರ ಎಲ್ಲ ಬರಬೇಕಿತ್ತು. ಕಂಪನಿಯ ಕಾಯಂ ನೌಕರರನ್ನು ಬೇರೆ ಸ್ಥಾವರಗಳಿಗೆ ವರ್ಗ ಮಾಡಿದರು. ಗುತ್ತಿಗೆಯವರಿಗೆ? ಗುತ್ತಿಗೆ ಮುಗಿಯಿತು, ಅಷ್ಟೇ. ಅವರನ್ನು ನಂಬಿದ್ದ ಅಂಗಡಿ, ಬಾಡಿಗೆ ಕೋಣೆ, ಊಟದ ಡಬ್ಬಿಯ ವ್ಯಾಪಾರ ಎಲ್ಲ ನೆಲ ಕಚ್ಚಿತು. ಅಧ್ಯಕ್ಷರೇ ನೇಮಿಸಿದ ಹವಾಮಾನ ಆಯೋಗ 2023ರಲ್ಲಿ ಹೋಗಿ ನೋಡಿ, ಊರಿನವರ ಜೊತೆ ಮಾತುಕತೆ ತಡವಾಗಿ ಶುರುವಾಯಿತು, ಹೊಸದು ಬರುವ ಮೊದಲೇ ಹಳೆಯದು ನಿಂತಿತು ಎಂದಿತು. ಅಲ್ಲಿ ದುಡ್ಡಿನ ಕೊರತೆ ಇರಲಿಲ್ಲ ನೋಡಿ. ಕ್ರಮ ತಲೆಕೆಳಗಾಗಿತ್ತು.

‘ಹಸಿರು ಕೆಲಸಗಳು ಬರುತ್ತವೆ’ ಎಂಬ ಮಾತನ್ನೂ ಸ್ವಲ್ಪ ಹುಷಾರಾಗಿ ತೆಗೆದುಕೊಳ್ಳಿ. ಬರುತ್ತವೆ, ನಿಜ. ಆದರೆ ಸೋಲಾರ್ ಪಾರ್ಕಿನಲ್ಲಿ ಕೆಲಸ ಇರುವುದು ಕಟ್ಟುವ ತಿಂಗಳುಗಳಲ್ಲಿ. ಕಟ್ಟಿ ಮುಗಿದ ಮೇಲೆ ಹಲಗೆ ತೊಳೆಯಲು, ಕಾವಲಿಗೆ, ಸಣ್ಣಪುಟ್ಟ ರಿಪೇರಿಗೆ ಕೆಲವೇ ಜನ ಸಾಕು. ಕಲ್ಲಿದ್ದಲು ಸ್ಥಾವರದಲ್ಲಿ ನೂರಾರು ಜನ ಮೂರು ಪಾಳಿಯಲ್ಲಿ ದಶಕಗಟ್ಟಲೆ ದುಡಿಯುತ್ತಾರೆ. ಮೇಲಾಗಿ ಬಿಸಿಲು, ಗಾಳಿ ಚೆನ್ನಾಗಿರುವ ಜಾಗ ಕಲ್ಲಿದ್ದಲಿನ ಊರೇ ಆಗಿರಬೇಕೆಂದೇನೂ ಇಲ್ಲ. 50 ದಾಟಿದ ಬಾಯ್ಲರ್ ಕೆಲಸಗಾರರಿಗೆ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಕೊಟ್ಟು ‘ಮರು ಕೌಶಲ್ಯ ಆಯಿತು’ ಎಂದು ವರದಿ ಬರೆಯುವುದನ್ನು ನಾನು ನಂಬುವುದಿಲ್ಲ. ಕೆಲಸ ಇದೆ ಎಂದಾದರೆ ತರಬೇತಿಗೆ ಅರ್ಥ. ಕೆಲಸವೇ ಇಲ್ಲದ ತರಬೇತಿ ಒಂದು ಫೋಟೋ, ಒಂದು ಊಟ.

ಗಾಳಿಯಂತ್ರ ಎಂದಾಗ ಇನ್ನೊಂದು ನೆನಪಾಯಿತು. ಹಸಿರು ಯೋಜನೆಯೂ ಜಾಗ ಕೇಳುತ್ತದೆ, ಆ ಜಾಗ ಯಾರದ್ದೋ ಆಗಿರುತ್ತದೆ. ನಾರ್ವೆಯ ಫೋಸೆನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಹಿಮಸಾರಂಗ ಮೇಯಿಸುವ ಬೆಟ್ಟಗಳ ಮೇಲೆ 151 ಗಾಳಿಯಂತ್ರ ನಿಲ್ಲಿಸಿದರು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ಪರವಾನಗಿಗಳು ಸಾಮಿಗಳ ಹಕ್ಕನ್ನು ಮುರಿದಿವೆ ಎಂದು ತೀರ್ಪು ಕೊಟ್ಟಿತು. ಯಂತ್ರಗಳು ತಿರುಗುತ್ತಲೇ ಇದ್ದವು. ತೀರ್ಪು ಬಂದು 500 ದಿನ ಕಳೆದ ಮೇಲೆ, 2023ರಲ್ಲಿ, ಸಾಮಿ ಯುವಜನರು ಸಚಿವಾಲಯದೊಳಗೇ ಧರಣಿ ಕೂತರು. ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಕೂಡ ಅವರ ಜೊತೆ ಕೂತರು, ಗಾಳಿಯಂತ್ರದ ವಿರುದ್ಧ! ಒಪ್ಪಂದಗಳೆಲ್ಲ ಮುಗಿಯಲು 2024 ಬಂತು. ಇದಕ್ಕೆ ತದ್ವಿರುದ್ಧ ಡೆನ್ಮಾರ್ಕ್. ಅಲ್ಲಿ ಕೋಪನ್‌ಹೇಗನ್ ಬಂದರಿನ ಎದುರು ಸಮುದ್ರದಲ್ಲಿ 2000ನೇ ಇಸವಿಯಲ್ಲಿ 20 ಯಂತ್ರ ನಿಲ್ಲಿಸಿದಾಗ ಅರ್ಧ ಪಾಲು ಒಂದು ಸಹಕಾರ ಸಂಘದ್ದು. 8,000ಕ್ಕೂ ಹೆಚ್ಚು ಸಾಮಾನ್ಯ ಜನ ಷೇರು ಕೊಂಡಿದ್ದರು. ಕಿಟಕಿಯಿಂದ ಕಾಣುವ ಯಂತ್ರ ತಿರುಗಿದರೆ ತಮಗೂ ನಾಲ್ಕು ಕಾಸು ಎಂದಾಗ ಅದರ ಸದ್ದು ಅಷ್ಟೊಂದು ಕಿವಿಗೆ ಬೀಳುವುದಿಲ್ಲ.

ದೇಶ-ದೇಶಗಳ ನಡುವಿನ ನ್ಯಾಯವನ್ನು ನೀವು ಕೇಳಲಿಲ್ಲ. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಜಗತ್ತಿನ ಮೇಲಿನ 10 ಶೇಕಡಾ ಜನ ಒಟ್ಟು ಹೊಗೆಯ ಸುಮಾರು ಅರ್ಧಕ್ಕೆ ಕಾರಣ, ಕೆಳಗಿನ ಅರ್ಧ ಜನ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಸಿರಿವಂತ ದೇಶಗಳು ಬಡ ದೇಶಗಳ ಹವಾಮಾನ ಕೆಲಸಕ್ಕೆ 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದು 2009ರಲ್ಲಿ ಮಾತು ಕೊಟ್ಟವು. ಮೊದಲ ಬಾರಿ ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಬಹುಪಾಲು ಸಾಲ. ಇಲ್ಲಿಯೂ ಅದೇ ಹಳೇ ರೋಗ: ಷರತ್ತು ಮೊದಲು, ದುಡ್ಡು ಆಮೇಲೆ.

ಹಾಗಾದರೆ ನಿಧಾನ ಮಾಡೋಣವಾ? ಬೇಡ. ಬಿಸಿಗಾಳಿ ಬೀಸಿದಾಗ ಎಸಿ ಕೋಣೆಯಲ್ಲಿರುವವರು ಬದುಕಿಕೊಳ್ಳುತ್ತಾರೆ, ಬಯಲಲ್ಲಿ ದುಡಿಯುವವರು ಕುಸಿಯುತ್ತಾರೆ. ಹೊಗೆ ತುಂಬಿದ ಹೆದ್ದಾರಿಯ ಪಕ್ಕ ಬಾಡಿಗೆ ಕಡಿಮೆ, ಅಲ್ಲಿ ವಾಸ ಮಾಡುವವರು ಯಾರು ಅಂತ ಹೇಳಬೇಕಾಗಿಲ್ಲ. ಏನೂ ಮಾಡದೆ ಕೂತರೂ ಬಿಲ್ಲು ಬರುತ್ತದೆ, ಬರುವುದು ಅದೇ ವಿಳಾಸಕ್ಕೆ. ಅದಕ್ಕೇ ನಾನು ವೇಗದ ಬಗ್ಗೆ ಜಗಳ ಆಡುವುದಿಲ್ಲ, ಕ್ರಮದ ಬಗ್ಗೆ ಆಡುತ್ತೇನೆ. ನಿಮ್ಮ ಕಡೆ ಯಾರಾದರೂ ಹೊಸ ತೆರಿಗೆಯನ್ನೋ ಮುಚ್ಚುವ ಯೋಜನೆಯನ್ನೋ ತಂದರೆ ಕೇಳಿ: ಹಣ ಯಾವ ತಾರೀಖಿಗೆ ಬರುತ್ತದೆ, ಬೆಲೆ ಯಾವ ತಾರೀಖಿಗೆ ಏರುತ್ತದೆ? ಆ ಹಣ ಬೆಲೆಯ ಜೊತೆಗೇ ಏರುತ್ತದಾ? ಪಟ್ಟಿಯಲ್ಲಿ ಗುತ್ತಿಗೆಯವರ ಹೆಸರು ಇದೆಯಾ?

ಕೊನೆಯ ಪ್ರಶ್ನೆಗಾಗಿ ಭಾವನವರಿಗೆ ಇವತ್ತೇ ಒಂದು ಕೆಲಸ ಹೇಳಿ. ಇಂಥ ಯೋಜನೆಗಳಲ್ಲಿ ಯಾರಿಗೆ ಏನು ಸಿಗಬೇಕು ಎಂದು ತೀರ್ಮಾನವಾಗುವುದು ಎಷ್ಟು ವರ್ಷ ದುಡಿದರು ಎನ್ನುವುದರ ಮೇಲೆ. ಕಾಯಂ ನೌಕರರ ಲೆಕ್ಕ ಕಂಪನಿಯ ಪುಸ್ತಕದಲ್ಲಿರುತ್ತದೆ. ಗುತ್ತಿಗೆದಾರರು ಬದಲಾಗುತ್ತ ಹೋದಂತೆ ಗುತ್ತಿಗೆಯವರ ಲೆಕ್ಕ ಹರಿದು ಹಂಚಿಹೋಗುತ್ತದೆ. ಅದೇ ಗೇಟಿನೊಳಗೆ 15 ವರ್ಷ ದುಡಿದಿದ್ದರೂ ಕಾಗದದಲ್ಲಿ ಕಾಣುವುದು ಈಗಿನ ಗುತ್ತಿಗೆಯ ಎರಡು ವರ್ಷ. ಹಾಗಾಗಿ ಹಳೇ ಗೇಟ್ ಪಾಸು, ಸಂಬಳದ ಚೀಟಿ, ಸಂಬಳ ಜಮಾ ಆದ ಬ್ಯಾಂಕ್ ದಾಖಲೆ, ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್, ಏನೇನು ಸಿಗುತ್ತದೋ ಎಲ್ಲ ಹುಡುಕಿ ಒಂದು ಫೈಲಿಗೆ ಹಾಕಲಿ. ಜೊತೆಗೆ ದುಡಿಯುವ ಉಳಿದ ಗುತ್ತಿಗೆಯವರಿಗೂ ಹೇಳಲಿ. ಸ್ಥಾವರ ನಡೆಯುತ್ತಿರುವಾಗ ಹಳೇ ಮೇಲ್ವಿಚಾರಕರ ಸಹಿ ಸುಲಭವಾಗಿ ಸಿಗುತ್ತದೆ, ಬೀಗ ಬಿದ್ದ ಮೇಲೆ ಅವರೂ ಊರು ಬಿಟ್ಟಿರುತ್ತಾರೆ.